ಹಬ್ಬಕ್ಕೊಮ್ಮೆ ಓದುವ ಕಥೆ

ಒಮ್ಮೆ ಓದಿ ಮುಗಿಸಿದ ಕಥೆಯನ್ನು ಜನರು ಮತ್ತೆ ಏಕೆ ಓದುತ್ತಾರೆ? ಮುಂದೇನಾಗುವುದೆಂಬ ಕುತೂಹಲವು ಮೊದಲನೆಯ ಓದಿಗೇ ತಣಿದುಹೋಗಿರುತ್ತದೆ. ಕೊನೆಯು ತಿಳಿದ ಮೇಲೆಯೂ ಕಥೆಯಲ್ಲಿ ಉಳಿಯುವಂಥದು ಏನಿದೆ? 1843ರ ಕ್ರಿಸ್‌ಮಸ್ ಹಬ್ಬಕ್ಕಾಗಿ ಇಂಗ್ಲೆಂಡಿನಲ್ಲಿ ಬರೆದ ಒಂದು ಚಿಕ್ಕ ಪುಸ್ತಕವು ಈ ಪ್ರಶ್ನೆಯನ್ನು ಎತ್ತುತ್ತದೆ. ‘ಎ ಕ್ರಿಸ್‌ಮಸ್ ಕ್ಯಾರೊಲ್’ ಎಂಬುದು ಅದರ ಹೆಸರು. ಅಂದಿನಿಂದ ಇಂದಿನವರೆಗೆ ಅದು ಅಚ್ಚಿನಲ್ಲಿಲ್ಲದ ಕಾಲವಿಲ್ಲ. ಡಿಸೆಂಬರ್ ತಿಂಗಳ ಕೊನೆಯ ವಾರ ಬಂತೆಂದರೆ ಅಸಂಖ್ಯ ಮನೆಗಳಲ್ಲಿ ಹಳೆಯ ಪ್ರತಿಯೊಂದು ಕಪಾಟಿನಿಂದ ಹೊರಬರುತ್ತದೆ; ಹಿರಿಯರು ಗಟ್ಟಿಯಾಗಿ ಓದುತ್ತಾರೆ, ಕಿರಿಯರು ಸುತ್ತ ಕುಳಿತು ಕೇಳುತ್ತಾರೆ. ಹೀಗೆ ಅದನ್ನು ಮರಳಿ ಮರಳಿ ಓದಿದವರಲ್ಲಿ ಮೊದಲಿಗನೆಂದರೆ ಅದನ್ನು ಬರೆದ ಚಾರ್ಲ್ಸ್ ಡಿಕನ್ಸನೇ. ಆ ಕಥೆಯ ಬೇರು ಅವನ ಬಾಳಿನಲ್ಲಿ ಎಷ್ಟು ಆಳಕ್ಕೆ ಇಳಿದಿತ್ತೆಂಬುದನ್ನು ತಿಳಿದರೆ, ಅದು ಹಳತಾಗದಿರುವ ಕಾರಣವೂ ತಿಳಿದೀತು.

ಡಿಕನ್ಸನು 1812ನೆಯ ಇಸವಿ ಫೆಬ್ರವರಿ 7ರಂದು ಇಂಗ್ಲೆಂಡಿನ ದಕ್ಷಿಣ ತೀರದ ಪೋರ್ಟ್ಸ್‌ಮತ್ ಪಟ್ಟಣದಲ್ಲಿ ಜನಿಸಿದನು. ತಂದೆ ಜಾನ್ ಡಿಕನ್ಸನು ನೌಕಾದಳದ ಸಂಬಳ ಬಟವಾಡೆ ಮಾಡುವ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದನು. ಮಾತಿನಲ್ಲಿ ಮಧುರ, ಮನಸ್ಸಿನಲ್ಲಿ ಉದಾರ. ಆದರೆ ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ವಿವೇಕ ಮಾತ್ರ ಅವನಲ್ಲಿರಲಿಲ್ಲ. ಎಂಟು ಮಂದಿ ಮಕ್ಕಳಲ್ಲಿ ಚಾರ್ಲ್ಸ್ ಎರಡನೆಯವನು. ಅವನಿಗಿಂತ ಹಿರಿಯಳು ಫ್ಯಾನಿ. ಅಕ್ಕ ತಮ್ಮಂದಿರಲ್ಲಿ ಬಲು ಅಕ್ಕರೆ. ಚಾರ್ಲ್ಸನಿಗೆ ಐದು ವರ್ಷ ತುಂಬಿದಾಗ ಕುಟುಂಬವು ಚ್ಯಾಥಮ್ ಎಂಬ ಊರಿನಲ್ಲಿ ನೆಲೆಸಿತು. ಅವನ ಬಾಲ್ಯದ ಸುಖದ ದಿನಗಳೆಲ್ಲ ಕಳೆದದ್ದು ಅಲ್ಲಿಯೇ.

ಚ್ಯಾಥಮ್ಮಿನ ಮನೆಯ ಮಹಡಿಯ ಮೇಲೆ ಒಂದು ಚಿಕ್ಕ ಕೋಣೆಯಿತ್ತು. ಅದರಲ್ಲಿ ತಂದೆಯು ಕೊಂಡು ತಂದಿಟ್ಟಿದ್ದ ಕೆಲವೇ ಪುಸ್ತಕಗಳಿದ್ದುವು. ಮನೆಯಲ್ಲಿ ಬೇರಾರೂ ಅವುಗಳ ಕಡೆಗೆ ತಿರುಗಿಯೂ ನೋಡುತ್ತಿರಲಿಲ್ಲ. ಆದರೆ ಬಾಲಕ ಚಾರ್ಲ್ಸನಿಗೆ ಅದೇ ಒಂದು ಪ್ರಪಂಚವಾಯಿತು. ಅರೇಬಿಯನ್ ಇರುಳುಗಳ ಕಥೆಗಳು, ಒಂಟಿ ದ್ವೀಪದ ರಾಬಿನ್‌ಸನ್ ಕ್ರೂಸೋ, ಗಾಳಿಯಂತ್ರದೊಡನೆ ಕಾದಾಡಿದ ಡಾನ್ ಕ್ವಿಕ್ಸೋಟ್ ಇವರೆಲ್ಲ ಅವನ ಸಂಗಾತಿಗಳಾದರು. ಮೈ ಅಷ್ಟೇನೂ ಗಟ್ಟಿಯಿಲ್ಲದ ಆ ಹುಡುಗನು, ಉಳಿದ ಮಕ್ಕಳು ಹೊರಗೆ ಆಡುತ್ತಿರುವಾಗ, ಅವೇ ಪುಸ್ತಕಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಮತ್ತೆ ಮೊದಲಿಗೆ ಮರಳುತ್ತಿದ್ದನು. ಓದಿದ ಕಥೆಯನ್ನೇ ಪುನಃ ಓದುವುದರಲ್ಲಿ ಪರಿಚಿತರ ಮನೆಯ ಬಾಗಿಲು ತಟ್ಟುವಂಥ ಒಂದು ನೆಮ್ಮದಿಯುಂಟೆಂಬುದನ್ನು ಅವನು ಹತ್ತು ವರ್ಷ ತುಂಬುವ ಮೊದಲೇ ಅರಿತುಕೊಂಡನು.

1822ರಲ್ಲಿ ಕುಟುಂಬವು ಲಂಡನ್ ನಗರಕ್ಕೆ ಬಂದಿತು. ಅಲ್ಲಿಂದ ಕಷ್ಟಗಳ ಸಾಲು ಆರಂಭವಾಯಿತು. ತಂದೆಯ ಸಾಲವು ಬೆಳೆಯಿತು. ಅಂಗಡಿಯವರು ಬಾಗಿಲಲ್ಲಿ ನಿಂತು ಕೂಗಾಡತೊಡಗಿದರು. ಮನೆಯ ಸಾಮಾನುಗಳು ಒಂದೊಂದಾಗಿ ಮಾರಾಟವಾದುವು. ಮೊದಲು ಹೋದವು ಪುಸ್ತಕಗಳು. ತನ್ನ ಒಲವಿನ ಪುಸ್ತಕಗಳನ್ನು ಹಳೆಯ ಪುಸ್ತಕದ ಅಂಗಡಿಗೆ ಹೊತ್ತುಕೊಂಡು ಹೋಗಿ ಕೊಟ್ಟುಬರುವ ಕೆಲಸ ಆ ಬಾಲಕನ ಪಾಲಿಗೇ ಬಂದಿತು. ಅಕ್ಕ ಫ್ಯಾನಿಯು ಸಂಗೀತದಲ್ಲಿ ಪ್ರತಿಭಾವಂತೆಯಾಗಿದ್ದುದರಿಂದ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್ ಎಂಬ ಶಾಲೆಯಲ್ಲಿ ಕಲಿಯುತ್ತಿದ್ದಳು. ಚಾರ್ಲ್ಸನ ವಿದ್ಯಾಭ್ಯಾಸವನ್ನು ಕುರಿತು ಯೋಚಿಸುವವರೇ ಇರಲಿಲ್ಲ.

1824ರ ಫೆಬ್ರವರಿಯಲ್ಲಿ, ಹನ್ನೆರಡು ವರ್ಷ ತುಂಬಿದ ಕೆಲವೇ ದಿನಗಳಲ್ಲಿ, ಅವನನ್ನು ಬೂಟುಗಳಿಗೆ ಹಚ್ಚುವ ಕಪ್ಪು ಬಣ್ಣವನ್ನು ತಯಾರಿಸುವ ಕಾರ್ಖಾನೆಯೊಂದಕ್ಕೆ ಸೇರಿಸಲಾಯಿತು. ಥೇಮ್ಸ್ ನದಿಯ ದಡದಲ್ಲಿ ಮುರಿದು ಬೀಳುವಂತಿದ್ದ ಹಳೆಯ ಕಟ್ಟಡ. ನೆಲದಡಿಯಲ್ಲಿ ಇಲಿಗಳ ಓಡಾಟ. ಬಣ್ಣ ತುಂಬಿದ ಡಬ್ಬಿಗಳ ಬಾಯಿಗೆ ಕಾಗದ ಮುಚ್ಚಿ, ದಾರ ಸುತ್ತಿ, ಚೀಟಿ ಅಂಟಿಸುವುದು ಅವನ ಕೆಲಸ. ವಾರಕ್ಕೆ ಸಿಗುತ್ತಿದ್ದ ಕೂಲಿ 6 ಶಿಲಿಂಗ್. ಅವನು ಕೆಲಸಕ್ಕೆ ಸೇರಿದ ಸ್ವಲ್ಪ ದಿನಕ್ಕೇ ತಂದೆಯನ್ನು 40 ಪೌಂಡ್ ಸಾಲಕ್ಕಾಗಿ ಹಿಡಿದು ಮಾರ್ಷಲ್‌ಸೀ ಎಂಬ ಸಾಲಗಾರರ ಸೆರೆಮನೆಗೆ ಹಾಕಿದರು. ಕ್ರಮೇಣ ತಾಯಿಯೂ ಚಿಕ್ಕ ಮಕ್ಕಳೂ ಆ ಸೆರೆಮನೆಯ ಕೋಣೆಯಲ್ಲಿಯೇ ವಾಸಿಸತೊಡಗಿದರು. ಚಾರ್ಲ್ಸನು ಹೊರಗೆ ಬಾಡಿಗೆಯ ಕೋಣೆಯಲ್ಲಿ ಒಂಟಿಯಾಗಿ ಉಳಿದನು. ಕೂಲಿಯ ಕಾಸನ್ನು ದಿನಕ್ಕಿಷ್ಟೆಂದು ಪಾಲುಮಾಡಿ, ಅದರಲ್ಲಿಯೇ ಹೊಟ್ಟೆ ಹೊರೆಯಬೇಕಾಗಿತ್ತು. ಆ ದಿನಗಳಲ್ಲಿಯೇ ಫ್ಯಾನಿಗೆ ಸಂಗೀತಶಾಲೆಯಲ್ಲಿ ಬಹುಮಾನ ದೊರೆಯಿತು. ಸಮಾರಂಭಕ್ಕೆ ಹೋಗಿದ್ದ ತಮ್ಮನು ಅಕ್ಕನ ಗೆಲವಿಗೆ ಅಸೂಯೆಪಡಲಿಲ್ಲ. ಆದರೆ ಇಂಥ ಗೌರವವು ತನ್ನ ಪಾಲಿಗೆ ಎಂದೆಂದಿಗೂ ಇಲ್ಲವೆಂಬ ಭಾವನೆಯಿಂದ ಅವನ ಎದೆ ಒಡೆಯಿತು, ಕಣ್ಣೀರು ತಡೆಯದಾಯಿತು.

ಸುಮಾರು ಮೂರು ತಿಂಗಳ ಮೇಲೆ ತಂದೆಯ ಬಿಡುಗಡೆಯಾಯಿತು. ಆದರೆ ಮಗನಿಗೆ ಕೂಡಲೇ ಬಿಡುಗಡೆ ದೊರೆಯಲಿಲ್ಲ. ಮುಂದೆ ತಂದೆಯು ಅವನನ್ನು ಕೆಲಸದಿಂದ ಬಿಡಿಸಿ ಶಾಲೆಗೆ ಕಳುಹಿಸಲು ನಿಶ್ಚಯಿಸಿದಾಗಲೂ, ಆ 6 ಶಿಲಿಂಗ್ ನಿಲ್ಲಬಾರದೆಂದು ತಾಯಿಯು ಅವನನ್ನು ಮರಳಿ ಕಾರ್ಖಾನೆಗೆ ಅಟ್ಟಲು ಬಯಸಿದಳು. ಈ ನೋವನ್ನು ಅವನು ಕೊನೆಯವರೆಗೂ ಮರೆಯಲಿಲ್ಲ. ಯಾರ ಮುಂದೆಯೂ ಬಾಯಿಬಿಟ್ಟು ಹೇಳಲೂ ಇಲ್ಲ. ತನ್ನ ಬಾಲ್ಯದ ಈ ಅಧ್ಯಾಯವನ್ನು ಅವನು ಆಪ್ತಮಿತ್ರ ಜಾನ್ ಫಾರ್‌ಸ್ಟರನಿಗೆ ಮಾತ್ರ ತಿಳಿಸಿದ್ದನು. ಡಿಕನ್ಸನು ಕಾಲವಾದ ಮೇಲೆ ಫಾರ್‌ಸ್ಟರನು ಬರೆದ ಜೀವನಚರಿತ್ರೆಯಿಂದಲೇ ಲೋಕಕ್ಕೆ ಇದು ತಿಳಿದದ್ದು.

ಶಾಲೆಯ ಓದು ಬೇಗನೆ ಮುಗಿಯಿತು. ಹದಿನೈದನೆಯ ವಯಸ್ಸಿನಲ್ಲಿ ಅವನು ವಕೀಲರ ಕಚೇರಿಯಲ್ಲಿ ಗುಮಾಸ್ತೆಯಾದನು; ಬಿಡುವಿನಲ್ಲಿ ಶೀಘ್ರಲಿಪಿಯನ್ನು ಕಲಿತು, ಮುಂದೆ ಪಾರ್ಲಿಮೆಂಟಿನ ಚರ್ಚೆಗಳನ್ನು ಬರೆದುಕೊಳ್ಳುವ ನಿಪುಣ ವರದಿಗಾರನೆನಿಸಿದನು. 1833ರಲ್ಲಿ ಅವನ ಮೊದಲ ಕಥೆಯು ಮಾಸಪತ್ರಿಕೆಯೊಂದರಲ್ಲಿ ಅಚ್ಚಾಯಿತು. 1836ರಲ್ಲಿ ಮಾಸಿಕ ಕಂತುಗಳಾಗಿ ಹೊರಬರತೊಡಗಿದ ‘ಪಿಕ್‌ವಿಕ್ ಪೇಪರ್ಸ್’ ಅವನನ್ನು ಒಮ್ಮೆಗೇ ಕೀರ್ತಿಶಿಖರಕ್ಕೇರಿಸಿತು. ಅದೇ ವರ್ಷ ಕ್ಯಾಥರಿನ್ ಹೋಗಾರ್ತಳೊಡನೆ ವಿವಾಹವಾಯಿತು. ‘ಆಲಿವರ್ ಟ್ವಿಸ್ಟ್’ ಕಾದಂಬರಿಯಲ್ಲಿ ಅನಾಥಬಾಲಕನೊಬ್ಬನ ಕಥೆಯನ್ನು ಹೇಳಿ, ಬಡವರ ದುಡಿಮೆಗೃಹಗಳ ಕ್ರೌರ್ಯವನ್ನು ಬಯಲಿಗೆಳೆದನು. ಮೂವತ್ತು ವರ್ಷ ತುಂಬುವ ವೇಳೆಗೆ ಅವನ ಹೆಸರನ್ನು ಕೇಳದವರು ಇಂಗ್ಲೆಂಡಿನಲ್ಲಿ ಇರಲಿಲ್ಲವೆಂದರೂ ಸಲ್ಲುವುದು.

ಆದರೆ 1843ರಲ್ಲಿ ಅವನ ಅದೃಷ್ಟವು ಸ್ವಲ್ಪ ಇಳಿಮುಖವಾಯಿತು. ಆಗ ಕಂತುಗಳಲ್ಲಿ ಬರುತ್ತಿದ್ದ ‘ಮಾರ್ಟಿನ್ ಚಜ಼ಲ್‌ವಿಟ್’ ಕಾದಂಬರಿಗೆ ನಿರೀಕ್ಷಿಸಿದಷ್ಟು ಓದುಗರು ದೊರೆಯಲಿಲ್ಲ. ಕೊಡುವ ಹಣದಲ್ಲಿ ತಿಂಗಳಿಗೆ 50 ಪೌಂಡ್ ಕಡಿಮೆ ಮಾಡುವ ಮಾತನ್ನು ಪ್ರಕಾಶಕರು ಎತ್ತಿದರು. ಮನೆಯಲ್ಲಿ ಮಕ್ಕಳು, ಹೊರಗೆ ಮತ್ತೆ ಸಾಲಮಾಡುವ ತಂದೆ. ಇದೇ ವರ್ಷ ಬಾಲಕಾರ್ಮಿಕರ ಸ್ಥಿತಿಗತಿಗಳನ್ನು ಕುರಿತ ಸರಕಾರದ ವರದಿಯೊಂದು ಅವನ ಕೈಸೇರಿತು. ಎಳೆಯ ಮಕ್ಕಳು ದಿನವೆಲ್ಲ ದುಡಿದು ಬಾಡಿಹೋಗುತ್ತಿದ್ದ ವಿವರಗಳು ಅದರಲ್ಲಿದ್ದುವು. ಓದಿದವನಿಗೆ ನಿದ್ರೆ ಬಾರದಾಯಿತು. ಬಡವರ ಮಕ್ಕಳ ಪರವಾಗಿ ನಾಡಿನ ಜನತೆಗೆ ಒಂದು ಮನವಿಯನ್ನು ಬರೆದು ಅಗ್ಗದ ಕಿರುಹೊತ್ತಗೆಯಾಗಿ ಹಂಚಬೇಕೆಂದು ಅವನು ಮೊದಲು ಯೋಚಿಸಿದನು. ಸೆಪ್ಟೆಂಬರಿನಲ್ಲಿ ಲಂಡನ್ನಿನ ಫೀಲ್ಡ್ ಲೇನಿನಲ್ಲಿದ್ದ ಚಿಂದಿಬಟ್ಟೆಯ ಮಕ್ಕಳ ಉಚಿತ ಶಾಲೆಯನ್ನು ಕಣ್ಣಾರೆ ಕಂಡುಬಂದನು. ಅಕ್ಟೋಬರ್ 5ರಂದು ಮ್ಯಾಂಚೆಸ್ಟರ್ ನಗರದಲ್ಲಿ ಶ್ರಮಜೀವಿಗಳ ವಿದ್ಯಾಭ್ಯಾಸದ ಸಂಸ್ಥೆಯೊಂದಕ್ಕಾಗಿ ಭಾಷಣ ಮಾಡಿದನು. ಈ ನಡುವೆ ಅವನಿಗೆ ಒಂದು ಸತ್ಯ ಹೊಳೆಯಿತು. ಮನವಿಪತ್ರವನ್ನು ಜನರು ಒಮ್ಮೆ ಓದಿ ಮಡಿಸಿಡುತ್ತಾರೆ. ಕಥೆಯಾದರೆ ಎದೆಯೊಳಗೆ ಇಳಿದು ಅಲ್ಲಿಯೇ ನಿಲ್ಲುತ್ತದೆ.

ಆರು ವಾರಗಳಲ್ಲಿ ಕಥೆ ಸಿದ್ಧವಾಯಿತು. ಬರೆಯುವಾಗ ಅವನು ತಾನೇ ನಕ್ಕನು, ತಾನೇ ಅತ್ತನು. ಊರೆಲ್ಲ ಮಲಗಿದ ಮೇಲೆ ಲಂಡನ್ನಿನ ಕತ್ತಲೆಯ ಬೀದಿಗಳಲ್ಲಿ ಹದಿನೈದು ಇಪ್ಪತ್ತು ಮೈಲಿ ನಡೆಯುತ್ತ ಕಥೆಯನ್ನು ಮನಸ್ಸಿನಲ್ಲಿ ಹೆಣೆದನು.

ಸ್ಕ್ರೂಜ್ ಎಂಬ ಮುದಿ ಜಿಪುಣನೇ ಕಥಾನಾಯಕ. ಅವನಿಗೆ ಹಣವೊಂದೇ ಬಂಧು. ಅವನ ಕಚೇರಿಯ ಗುಮಾಸ್ತೆ ಬಾಬ್ ಕ್ರಾಚಿಟ್ ವಾರಕ್ಕೆ 15 ಶಿಲಿಂಗ್ ಸಂಬಳದಲ್ಲಿ ದೊಡ್ಡ ಸಂಸಾರವನ್ನು ತೂಗಿಸುತ್ತಾನೆ. ಅವನ ಕೊನೆಯ ಮಗ ಟಿಮ್ ಊರುಗೋಲು ಹಿಡಿದು ನಡೆಯುವ ಕುಂಟ ಬಾಲಕ. ಹಬ್ಬದ ಹಿಂದಿನ ದಿನ ಬಡವರಿಗಾಗಿ ಸಹಾಯ ಬೇಡಿ ಬಂದವರನ್ನು ಸ್ಕ್ರೂಜನು ಬರಿಗೈಯಲ್ಲಿ ಹಿಂದಕ್ಕೆ ಕಳುಹಿಸುತ್ತಾನೆ. ಬಡವರಿಗಾಗಿ ಸೆರೆಮನೆಗಳೂ ದುಡಿಮೆಗೃಹಗಳೂ ಇರುವಾಗ ದಾನವೇಕೆಂಬುದು ಅವನ ವಾದ. ಆ ರಾತ್ರಿ, ಏಳು ವರ್ಷಗಳ ಹಿಂದೆ ಸತ್ತ ಪಾಲುದಾರ ಮಾರ್ಲೆಯ ಪ್ರೇತವು ಹಣದ ಪೆಟ್ಟಿಗೆ, ಬೀಗದ ಕೈ, ಲೆಕ್ಕದ ಪುಸ್ತಕಗಳಿಂದಾದ ಸರಪಣಿಯನ್ನು ಎಳೆಯುತ್ತ ಬಂದು ಎಚ್ಚರಿಸುತ್ತದೆ. ಅನಂತರ ಭೂತ, ವರ್ತಮಾನ, ಭವಿಷ್ಯಗಳ ಮೂರು ಚೇತನಗಳು ಒಂದರ ಹಿಂದೆ ಒಂದರಂತೆ ಬಂದು ಅವನ ಬಾಳನ್ನು ಅವನ ಕಣ್ಣೆದುರಿಗೇ ತೆರೆದಿಡುತ್ತವೆ. ಟಿಮ್ ಸತ್ತ ಮನೆಯನ್ನೂ, ಯಾರೂ ಅಳದ ತನ್ನ ಸಾವನ್ನೂ ಕಂಡ ಸ್ಕ್ರೂಜನು ಬೆಳಗಾಗುವಷ್ಟರಲ್ಲಿ ಬೇರೆ ಮನುಷ್ಯನಾಗುತ್ತಾನೆ. ಬಾಬನ ಮನೆಗೆ ದೊಡ್ಡ ಟರ್ಕಿ ಕೋಳಿಯನ್ನು ಕಳುಹಿಸುತ್ತಾನೆ, ಸಂಬಳವನ್ನು ಏರಿಸುತ್ತಾನೆ. ಟಿಮ್ ಬದುಕುತ್ತಾನೆ.

ಈ ಕಥೆಯ ಒಳಗೆ ಡಿಕನ್ಸನ ಬಾಲ್ಯವು ಅಡಗಿ ಕುಳಿತಿದೆ. ಮೊದಲನೆಯ ಚೇತನವು ಸ್ಕ್ರೂಜನನ್ನು ಅವನು ಓದಿದ ಶಾಲೆಗೆ ಕರೆದೊಯ್ಯುತ್ತದೆ. ರಜೆಗೆ ಎಲ್ಲ ಹುಡುಗರೂ ಮನೆಗೆ ಹೋಗಿದ್ದಾರೆ. ಚಳಿಯ ಕೋಣೆಯಲ್ಲಿ ಒಬ್ಬನೇ ಬಾಲಕ ಪುಸ್ತಕ ಓದುತ್ತ ಕುಳಿತಿದ್ದಾನೆ. ಕಿಟಕಿಯ ಹೊರಗೆ ಆಲಿಬಾಬನೂ ರಾಬಿನ್‌ಸನ್ ಕ್ರೂಸೋವೂ ಸುಳಿಯುತ್ತಾರೆ. ಅವರನ್ನು ಕಂಡೊಡನೆ ಮುದಿ ಜಿಪುಣನು ಮಗುವಿನಂತೆ ಹಿಗ್ಗಿ, ಮರುಕ್ಷಣವೇ ತನ್ನ ಹಳೆಯ ಒಂಟಿತನಕ್ಕಾಗಿ ಅಳುತ್ತಾನೆ. ಚ್ಯಾಥಮ್ಮಿನ ಮಹಡಿಯಲ್ಲಿ ಓದಿ, ಲಂಡನ್ನಿನ ಅಂಗಡಿಗೆ ಹೊತ್ತು ಕೊಟ್ಟ ಪುಸ್ತಕಗಳನ್ನು ಡಿಕನ್ಸನು ಇಲ್ಲಿ ಮರಳಿ ಪಡೆದನು. ಆ ಬಾಲಕನನ್ನು ಮನೆಗೆ ಕರೆದೊಯ್ಯಲು ಓಡೋಡಿ ಬರುವ ತಂಗಿಗೆ ಅವನು ಇಟ್ಟ ಹೆಸರು ಫ್ಯಾನ್. ಸ್ಕ್ರೂಜನ ಮನಸ್ಸು ಕರಗುವುದು ಉಪದೇಶದಿಂದಲ್ಲ. ತನ್ನ ಬಾಳನ್ನೇ ಎರಡನೆಯ ಸಲ ಓದಿದುದರಿಂದ.

ಪುಸ್ತಕವು 1843ರ ಡಿಸೆಂಬರ್ 19ರಂದು ಪ್ರಕಟವಾಯಿತು. ಕೆಂಪು ಬಟ್ಟೆಯ ರಟ್ಟು, ಚಿನ್ನದ ಬಣ್ಣದ ಅಂಚು, ಜಾನ್ ಲೀಚನ ಚಿತ್ರಗಳು. ಬೆಲೆ 5 ಶಿಲಿಂಗ್. ಬಾಬ್ ಕ್ರಾಚಿಟನ ವಾರದ ಸಂಬಳದ ಮೂರನೆಯ ಒಂದು ಭಾಗ. ಹಬ್ಬದ ಹಿಂದಿನ ದಿನದೊಳಗೆ 6,000 ಪ್ರತಿಗಳು ಮುಗಿದುವು. ಆದರೆ ಅಂದವಾಗಿ ಅಚ್ಚುಹಾಕಿಸಲು ಮಾಡಿದ ವೆಚ್ಚವೇ ಲಾಭವನ್ನು ನುಂಗಿಬಿಟ್ಟಿತು. 1,000 ಪೌಂಡ್ ನಿರೀಕ್ಷಿಸಿದ್ದವನಿಗೆ ಮೊದಲ ಮುದ್ರಣದಿಂದ ದೊರೆತದ್ದು 230 ಪೌಂಡ್. ಕಥೆಯನ್ನು ಕದ್ದು ಅಚ್ಚುಹಾಕಿದವರ ಮೇಲೆ ಅವನು ಮೊಕದ್ದಮೆ ಹೂಡಿ ಗೆದ್ದನು. ಎದುರಾಳಿಗಳು ದಿವಾಳಿಯಾದುದರಿಂದ ಗೆದ್ದವನೇ ಸುಮಾರು 700 ಪೌಂಡ್ ಖರ್ಚು ಹೊರಬೇಕಾಯಿತು. ಜಿಪುಣನ ಕಥೆಯು ಬರೆದವನನ್ನು ಧನಿಕನನ್ನಾಗಿ ಮಾಡಲಿಲ್ಲ. ಆದರೆ ಮನೆಮನೆಗೂ ತಲಪಿಸಿತು.

ಹತ್ತು ವರ್ಷಗಳು ಉರುಳಿದುವು. ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಜನಸಾಮಾನ್ಯರ ಶಿಕ್ಷಣಕ್ಕಾಗಿ ಹೊಸ ಸಂಸ್ಥೆಯೊಂದನ್ನು ಕಟ್ಟುತ್ತಿದ್ದರು. ಅದರ ಸಹಾಯಾರ್ಥವಾಗಿ 1853ರ ಡಿಸೆಂಬರ್ 27ರಂದು ಡಿಕನ್ಸನು ಅಲ್ಲಿನ ಪುರಭವನದಲ್ಲಿ ತನ್ನ ಕಥೆಯನ್ನು ತಾನೇ ಓದಿದನು. ಓದು ಸುಮಾರು ಮೂರು ಗಂಟೆ ನಡೆಯಿತು. ಡಿಸೆಂಬರ್ 30ರಂದು ಮತ್ತೊಮ್ಮೆ ಓದಿದನು. ಅಂದು ಶ್ರಮಜೀವಿಗಳಿಗಾಗಿ ಕಡಿಮೆ ದರದಲ್ಲಿ ಸ್ಥಳಗಳನ್ನು ಕಾದಿರಿಸಬೇಕೆಂದು ಅವನೇ ಕೇಳಿಕೊಂಡಿದ್ದನು. ಪುಸ್ತಕವನ್ನು ಕೊಳ್ಳಲಾರದ ಎರಡು ಸಾವಿರಕ್ಕೂ ಹೆಚ್ಚು ಮಂದಿ ಬಂದು ಕುಳಿತರು. ಒಂದು ಸೂಕ್ಷ್ಮವೂ ಅವರಿಂದ ತಪ್ಪಿಹೋಗಲಿಲ್ಲ. ನಗಬೇಕಾದಲ್ಲಿ ನಕ್ಕರು, ಅಳಬೇಕಾದಲ್ಲಿ ಅತ್ತರು. ಬಾಬನಂಥವರ ಕಥೆಯನ್ನು ಅಂದು ಬಾಬನಂಥವರೇ ಕೇಳಿದರು.

1858ರಿಂದ ಸಾರ್ವಜನಿಕ ವಾಚನವು ಅವನ ಎರಡನೆಯ ವೃತ್ತಿಯೇ ಆಯಿತು. ಅವನು ಅಚ್ಚಾದ ಪುಸ್ತಕದ ಹಾಳೆಗಳನ್ನು ಬಿಡಿಸಿ, ದೊಡ್ಡ ಹಾಳೆಗಳ ಮೇಲೆ ಅಂಟಿಸಿಕೊಂಡು, ಓದಿದಂತೆಲ್ಲ ಕೆಲವು ಭಾಗಗಳನ್ನು ಹೊಡೆದುಹಾಕಿ, ಅಂಚಿನಲ್ಲಿ ದನಿಯ ಏರಿಳಿತಗಳನ್ನು ಗುರುತು ಮಾಡಿಕೊಂಡನು. ಆ ಪ್ರತಿಯು ನ್ಯೂಯಾರ್ಕಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಇಂದಿಗೂ ಸುರಕ್ಷಿತವಾಗಿದೆ. ಬರಬರುತ್ತ ಕಥೆಯು ಅವನಿಗೆ ಬಾಯಿಪಾಠವಾಗಿ, ಪುಸ್ತಕವು ಕೈಯಲ್ಲಿ ಹೆಸರಿಗೆ ಮಾತ್ರ ಇದ್ದಿತು. ನೂರಕ್ಕೂ ಹೆಚ್ಚು ಸಲ ಓದಿದರೂ ಅದು ಅವನಿಗೆ ಸಪ್ಪೆಯಾಗಲಿಲ್ಲ.

ಸಪ್ಪೆಯಾಗದಿರಲು ಕಾರಣವುಂಟು. ಕಥೆಯ ಮಾತುಗಳು ಬದಲಾಗದಿದ್ದರೂ ಓದುವವನ ಬಾಳು ಬದಲಾಗುತ್ತಲೇ ಇದ್ದಿತು. ಕಥೆಯಲ್ಲಿ ಸ್ಕ್ರೂಜನ ತಂಗಿ ಫ್ಯಾನ್ ಒಂದು ಮಗುವನ್ನು ಬಿಟ್ಟು ತೀರಿಕೊಂಡವಳು. ಇದನ್ನು ಬರೆದಾಗ ಫ್ಯಾನಿ ಬದುಕಿದ್ದಳು. 1848ರಲ್ಲಿ ಅವಳು ಕ್ಷಯರೋಗದಿಂದ ಕಣ್ಣುಮುಚ್ಚಿದಳು. ಅವಳ ಅಂಗವಿಕಲ ಮಗನು ಟಿಮ್ ಪಾತ್ರಕ್ಕೆ ಪ್ರೇರಣೆಯೆಂದು ಹೇಳುವುದುಂಟು. ತಾಯಿಯ ಹಿಂದೆಯೇ ಅವನೂ ಹೋದನು. ಮುಂದೆ ಡಿಕನ್ಸನು ಆ ಪುಸ್ತಕವನ್ನು ತೆರೆದಾಗಲೆಲ್ಲ, ಕಲ್ಪಿಸಿ ಬರೆದ ದುಃಖವು ಅನುಭವಿಸಿದ ದುಃಖವಾಗಿ ಎದುರಿಗೆ ನಿಂತಿತು. ಕಥೆಯಲ್ಲಿ ಬದುಕುವ ಟಿಮ್ ನಿಜವಾಗಿ ಬದುಕಿರಲಿಲ್ಲ. ಅವನ ಸಂಸಾರವೂ ಕಥೆಯ ಕ್ರಾಚಿಟ್ ಸಂಸಾರದಂತೆ ಒಂದಾಗಿ ಉಳಿಯಲಿಲ್ಲ. ಹತ್ತು ಮಕ್ಕಳ ತಾಯಿಯಾದ ಕ್ಯಾಥರಿನಳಿಂದ ಅವನು 1858ರಲ್ಲಿ ಬೇರೆಯಾದನು. ಆಕೆಯ ವಿಷಯದಲ್ಲಿ ಅವನು ಕನಿಕರದಿಂದ ನಡೆದುಕೊಂಡನೆಂದು ಹೇಳಲಾಗದು. ಲೋಕಕ್ಕೆ ಕರುಣೆಯನ್ನು ಕಲಿಸಿದವನಿಗೂ ಆ ಪಾಠವನ್ನು ಮರಳಿ ಓದುವ ಅಗತ್ಯವಿದ್ದಿತು.

1867ರ ಡಿಸೆಂಬರಿನಲ್ಲಿ ಅವನು ಅಮೆರಿಕದ ಬಾಸ್ಟನ್ ನಗರದಲ್ಲಿ ಇದೇ ಕಥೆಯಿಂದ ವಾಚನಗಳನ್ನು ಆರಂಭಿಸಿದನು. ಆ ಪ್ರವಾಸದಲ್ಲಿ ಹಣವು ಹೇರಳವಾಗಿ ದೊರೆಯಿತು, ದೇಹವು ಸೋತಿತು. 1869ರಲ್ಲಿ ಕುಸಿದುಬೀಳುವ ಸ್ಥಿತಿ ಬಂದಾಗ ವೈದ್ಯರು ಪ್ರವಾಸವನ್ನು ನಿಲ್ಲಿಸಿದರು. 1870ರ ಮಾರ್ಚ್ 15ರಂದು ಲಂಡನ್ನಿನ ಸೇಂಟ್ ಜೇಮ್ಸ್ ಸಭಾಂಗಣದಲ್ಲಿ ಕೊನೆಯ ವಾಚನ ನಡೆಯಿತು. ಅಂದು ಅವನು ಆರಿಸಿಕೊಂಡದ್ದು ಕ್ರಿಸ್‌ಮಸ್ ಕಥೆಯನ್ನೂ ‘ಪಿಕ್‌ವಿಕ್’ನ ಒಂದು ಭಾಗವನ್ನೂ. ಓದು ಮುಗಿಸಿ, ಕೆಲವು ಮಾತುಗಳಲ್ಲಿ ವಿದಾಯ ಹೇಳಿ, ಕಣ್ಣೀರಿನೊಡನೆ ವೇದಿಕೆಯಿಂದ ಇಳಿದನು. ಜೂನ್ 9ರಂದು ಗ್ಯಾಡ್ಸ್ ಹಿಲ್ ಎಂಬಲ್ಲಿನ ತನ್ನ ಮನೆಯಲ್ಲಿ, 58ನೆಯ ವಯಸ್ಸಿನಲ್ಲಿ, ಅವನು ನಿಧನಹೊಂದಿದನು. ಆಡಂಬರವಿಲ್ಲದೆ ತನ್ನನ್ನು ಮಣ್ಣುಮಾಡಬೇಕೆಂಬುದು ಅವನ ಇಚ್ಛೆಯಾಗಿತ್ತು. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಬೆಳಗಿನ ಹೊತ್ತು ಕೆಲವೇ ಮಂದಿಯ ಎದುರಿಗೆ ಸಮಾಧಿ ನಡೆಯಿತು. ಸುದ್ದಿ ಹರಡಿದೊಡನೆ ಸಾವಿರಾರು ಜನರು ಬಂದು ಹೂವಿಟ್ಟು ಹೋದರು.

ಸಾಲಕ್ಕಾಗಿ ಸೆರೆಯಲ್ಲಿಡುವ ಪದ್ಧತಿಯನ್ನು 1869ರ ಕಾಯಿದೆಯು ಬಹುಮಟ್ಟಿಗೆ ತೆಗೆದುಹಾಕಿತು. ಊರೂರಿಗೂ ಪ್ರಾಥಮಿಕ ಶಾಲೆಗಳನ್ನು ಒದಗಿಸುವ ಕಾಯಿದೆಯು ಅವನು ತೀರಿದ ವರ್ಷವೇ ಬಂದಿತು. ಇವೆಲ್ಲ ಒಂದು ಕಥೆಯಿಂದಾದುವೆನ್ನುವುದು ಅತಿಶಯೋಕ್ತಿಯಾದೀತು. ಒಬ್ಬ ಜಿಪುಣನು ಉದಾರಿಯಾದ ಮಾತ್ರಕ್ಕೆ ನಾಡಿನ ಬಡತನ ನೀಗುವುದಿಲ್ಲವೆಂಬುದೂ ನಿಜ. ಆದರೆ ಕಾಯಿದೆಯು ಬೇಕೆಂದು ಅನ್ನಿಸುವ ಮನಸ್ಸನ್ನು ಹದಗೊಳಿಸುವುದು ಕಥೆಯ ಕೆಲಸ. ಹದಗೊಳಿಸಿದ ನೆಲವೂ ಬಿಸಿಲಿಗೆ ಮತ್ತೆ ಗಟ್ಟಿಯಾಗುತ್ತದೆ; ವರ್ಷವರ್ಷವೂ ಉಳಬೇಕಾಗುತ್ತದೆ.

ಚಿಕ್ಕಂದಿನಲ್ಲಿ ಈ ಕಥೆಯನ್ನು ಓದುವವನು ಮಾರ್ಲೆಯ ಪ್ರೇತಕ್ಕೆ ಹೆದರುತ್ತಾನೆ. ದುಡಿಯುವ ವಯಸ್ಸಿನಲ್ಲಿ ಓದುವವನು ಬಾಬನ 15 ಶಿಲಿಂಗುಗಳನ್ನು ಎಣಿಸುತ್ತಾನೆ. ತಲೆ ನರೆತ ಮೇಲೆ ಓದುವವನು ಚಳಿಯ ಕೋಣೆಯಲ್ಲಿ ಒಬ್ಬನೇ ಕುಳಿತ ಬಾಲಕನನ್ನು ಗುರುತಿಸುತ್ತಾನೆ. ಟಿಮ್ ಬದುಕುವನೆಂಬುದು ಎಲ್ಲರಿಗೂ ಗೊತ್ತು. ಆದರೂ ಆ ಪುಟಕ್ಕೆ ಬಂದಾಗ ಓದುವವನ ದನಿ ಒಂದು ಕ್ಷಣ ತಡೆಯುತ್ತದೆ.